ಅತ್ತೆಯ ಕುಳ್ಳು, ಅಳಿಯನ ಟೊಮೆಟೊ

ಇಡೀ ಹಿಡಕಲ್ ಜಲಾಶಯದ ನೀರನ್ನು ದಿನಾ ಬೆಳಗ್ಗೆ ಅಳೆಯುವವನು ನಾನು! ನಾನು ರಿಜಿಸ್ಟರಿನಲ್ಲಿ ಬರೆದ ಅಂಕಿ ನೋಡಿಯೇ ಗೇಟು ಏಳಬೇಕು, ಕಾಲುವೆ ಹರಿಯಬೇಕು, ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬು ತಲೆ ಎತ್ತಬೇಕು. ಇಂಥ ಜಲಾಧಿಪತಿಗೆ ಕ್ವಾರ್ಟರ್ಸಿನ ಹಿತ್ತಲಿನಲ್ಲಿ ಮೂರು ಟೊಮೆಟೊ ಗಿಡ ಬೆಳೆಸುವುದು ಯಾವ ಮಹಾ ಕೆಲಸ? ಹಾಗೆಂದು ಮನಸ್ಸಿನಲ್ಲಿ ಅಂದುಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ನಾನು ಅದನ್ನು ಹೆಂಡತಿಯ ಎದುರು ಬಾಯಿ ಬಿಟ್ಟು ಹೇಳಿದೆ.

"ಎಳ್ಳಮವಾಸಿ ದಿನ ನಿಮ್ಮವ್ವನ ಜವಾರಿ ಟಮಾಟಿ ತಂದು ನಿನ್ನ ಉಡಿಯೊಳಗ ಹಾಕಲಿಲ್ಲಂದ್ರ ನನ್ನ ಹೆಸರ ಬಾಳೇಶ ಅಲ್ಲ!"

ಶೈಲಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಮತ್ತ ಏನ್ ಹೆಸರ ಇಟಗೋತೀರಿ, ಈಗ ಹೇಳಿಬಿಡ್ರಿ. ಆಮ್ಯಾಲ ಆಧಾರ ಕಾರ್ಡ ಬದಲ ಮಾಡ್ಸೂದು ಭಾಳ ತ್ರಾಸ ಐತಿ."

ನಕ್ಕಳು. ಆದರೆ ಆ ನಗುವಿನ ಹಿಂದೆ ಒಂದು ಆಸೆ ಇತ್ತು, ಅದು ನನಗೆ ಗೊತ್ತಿತ್ತು. ಅದಕ್ಕೇ ಅಷ್ಟು ದೊಡ್ಡ ಮಾತು ಆಡಿದ್ದೆ.

ವಿಷಯ ಏನೆಂದರೆ, ಶೈಲಾಳ ತವರು ಘೋಡಗೇರಿ. ನನ್ನ ಅತ್ತೆ ಸುಂದ್ರವ್ವ ಅಲ್ಲಿ ಹೊಲದ ಬದುವಿನಲ್ಲಿ ಒಂದು ಜಾತಿಯ ಟೊಮೆಟೊ ಬೆಳೆಯುತ್ತಿದ್ದಳು. ಚಿಕ್ಕ ಹಣ್ಣು, ಮೈತುಂಬ ಏಣು, ಹಲ್ಲು ಜುಮ್ಮೆನ್ನುವ ಹುಳಿ. ಅದನ್ನು ಕೆಂಡದ ಮೇಲೆ ಸುಟ್ಟು, ಹಸಿಮೆಣಸಿನಕಾಯಿ ಮತ್ತು ಶೇಂಗಾ ಹಾಕಿ ಒರಳಿನಲ್ಲಿ ಕುಟ್ಟಿದರೆ, ಆ ಚಟ್ನಿಗೆ ನಾನು ಏಳು ರೊಟ್ಟಿ ತಿಂದ ದಾಖಲೆ ಇದೆ! ಹೋದ ವರ್ಷ ಶಿವರಾತ್ರಿ ಮುಂದೆ ಅತ್ತೆ ತೀರಿಕೊಂಡಳು. ಭಾವಮೈದುನ ಸೋಮಪ್ಪ ಹೊಲಕ್ಕೆಲ್ಲ ಕಬ್ಬು ಹಾಕಿದ. ಮನೆ ಮಟ್ಟಿಗೆ ಬೇಕಾದ ಟೊಮೆಟೊಗೆ ಅಂಗಡಿಯ ಹೈಬ್ರಿಡ್ ಸಸಿ ತಂದ. ಅತ್ತೆಯ ತಳಿ ಹೋಯಿತು ಎಂದೇ ಎಲ್ಲರೂ ಅಂದುಕೊಂಡಾಗ ಅಡುಗೆಮನೆಯ ಅಟ್ಟದ ಮೇಲೆ ಒಂದು ಕುಳ್ಳು, ಅಂದರೆ ಸಗಣಿಯ ಬೆರಣಿ, ಸಿಕ್ಕಿತು.

ಬರೀ ಕುಳ್ಳಲ್ಲ. ಅತ್ತೆ ಪ್ರತಿ ವರ್ಷ ಒಳ್ಳೆಯ ಹಣ್ಣು ಆರಿಸಿ, ಅದರ ಬೀಜವನ್ನು ಹಸಿ ಸಗಣಿಯ ಮೇಲೆ ಹಿಂಡಿ, ಅಂಗೈಯಿಂದ ಒತ್ತಿ ಒಣಗಿಸುತ್ತಿದ್ದಳು. ಹಾಗೆ ಇಟ್ಟರೆ ಬೀಜಕ್ಕೆ ಹುಳ ಬೀಳುವುದಿಲ್ಲ. ಮುಂದಿನ ವರ್ಷ ಬೇಕಾದಷ್ಟನ್ನು ಉಗುರಿನಿಂದ ಎಬ್ಬಿಸಿ ಬಿತ್ತುವುದು. ಅತ್ತೆಯ ಪಾತ್ರೆ ಪಗಡೆ ಹಂಚಿಕೊಳ್ಳುವಾಗ ಶೈಲಾ ಏನನ್ನೂ ಕೇಳಲಿಲ್ಲ. ಅದೊಂದು ಕುಳ್ಳನ್ನು ಅವ್ವನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಕುಳ್ಳಿನ ಮೇಲೆ ಸುಂದ್ರವ್ವನ ಐದೂ ಬೆರಳು ಸ್ಪಷ್ಟವಾಗಿ ಮೂಡಿದ್ದವು. ಒಮ್ಮೊಮ್ಮೆ ಮಧ್ಯಾಹ್ನ ಶೈಲಾ ಅದನ್ನು ನಮ್ಮ ಮನೆಯ ಅಟ್ಟದಿಂದ ಕೆಳಗೆ ಇಳಿಸಿ, ಆ ಐದು ಗುಣಿಗಳಲ್ಲಿ ತನ್ನ ಐದು ಬೆರಳು ಇಟ್ಟು ಕುಳಿತಿರುತ್ತಿದ್ದಳು. ನಾನು ನೋಡಿದರೆ ತೆಗೆದುಬಿಡುತ್ತಿದ್ದಳು.

ನಾಗರಪಂಚಮಿ ಮುಂದೆಯೇ "ಬೀಜ ಹಾಕಾಕ ಒಂದ್ ಮಡಿ ಮಾಡಿಕೊಡ್ರಿ" ಎಂದು ಕೇಳಿದ್ದಳು. "ಡ್ಯಾಮ್ ತುಂಬಾಕತ್ತೈತಿ, ನನಗ ಪುರಸೊತ್ತ ಎಲ್ಲೈತಿ?" ಎಂದೆ. ಡ್ಯಾಮ್ ತುಂಬುವುದಕ್ಕೆ ನನ್ನ ಸಹಾಯವೇನೂ ಬೇಕಾಗಿರಲಿಲ್ಲ, ಅದು ಮಳೆಯ ಕೆಲಸ. ಗಣಪತಿ ಬಂದು ಹೋದ, ಮಹಾನವಮಿಯೂ ಬಂತು. ಆಗ ನನಗೆ ಜ್ಞಾನೋದಯವಾಗಿ ಮಡಿ ಮಾಡಿದೆ, ಮೇಲೆ ಹೇಳಿದ ಪ್ರತಿಜ್ಞೆಯನ್ನೂ ಮಾಡಿದೆ. ಶೈಲಾ ಕುಳ್ಳಿನ ಅಂಚಿನಿಂದ ಹತ್ತೋ ಹನ್ನೆರಡೋ ಬೀಜ ಎಬ್ಬಿಸಿ ಕೊಟ್ಟಳು.

"ಎಲ್ಲಾ ಕೊಡು, ಒಂದ್ ತೋಟಾನ ಮಾಡೂಣು!" ಎಂದೆ.

"ಬ್ಯಾಡ್ರಿ. ಇವು ಸತ್ರ ಮತ್ತ ಎಲ್ಲಿಂದ ತರೂಣು? ಕುಳ್ಳಿನ್ಯಾಗ ಇರೂವು ಇರ್ಲಿ."

ಮೂರು ಗಿಡ ಬದುಕಿದವು. ಹೂವೂ ಬಿಟ್ಟವು, ಕಾಯಿಯೂ ಹಿಡಿದವು. ಅಷ್ಟರಲ್ಲಿ ಥಂಡಿ ಬಂತು! ಹಿಡಕಲ್ಲಿನ ಥಂಡಿ ಎಂದರೆ ಕೇಳಬೇಡಿ. ಬೆಳಗ್ಗೆ ನೀರಿನ ಮೇಲಿಂದ ಮಂಜು ಎದ್ದು ನೇರ ನಮ್ಮ ಹಿತ್ತಲಿಗೆ ಬಂದು ಕೂರುತ್ತದೆ. ಕಾಯಿಗಳು ಹಸಿರಾಗಿದ್ದಲ್ಲೇ ನಿಂತವು. ದಿನಾ ಸ್ಕೇಲು ಹಿಡಿದು ಅಳೆದೆ. ಜಲಾಶಯವಾದರೂ ದಿನಕ್ಕೆ ಎರಡು ಸೆಂಟಿಮೀಟರ್ ಇಳಿಯುತ್ತಿತ್ತು, ಇವು ಏರಲೂ ಇಲ್ಲ, ಇಳಿಯಲೂ ಇಲ್ಲ!

ಮೊದಲನೆ ಗಿಡಕ್ಕೆ ನನ್ನ ಹಳೆ ಸ್ವೆಟರ್ ತೊಡಿಸಿದೆ. ಎರಡನೆಯದಕ್ಕೆ ಹಾಸಿಗೆಯ ಚಾದರ ಹೊದಿಸಿದೆ. ಮೂರನೆಯದು ಗಿಡ್ಡ, ಅದಕ್ಕೆ ಮಂಕಿಕ್ಯಾಪು ಸಾಕಾಯಿತು. ಬೆಳಗ್ಗೆ ಹಾಲು ಕೊಡಲು ಬಂದ ಪಕ್ಕದ ಕ್ವಾರ್ಟರ್ಸಿನ ಕೆಂಪವ್ವ ಆ ಮಂಕಿಕ್ಯಾಪಿಗೆ "ಬಾಳೇಶಪ್ಪಾ, ಥಂಡ್ಯಾಗ ಯಾಕ ಕುಂತಿ, ಏಳೊ" ಎಂದು ಹೇಳಿ ಹೋದಳು. ಶೈಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಗಿಡಕ್ಕೂ ನಿಮಗೂ ಫರಕ ತಿಳೀಲಿಲ್ಲ ನೋಡ್ರಿ ಆಕಿಗೆ!"

ಎಳ್ಳಮವಾಸ್ಯೆಗೆ ನಾಲ್ಕು ದಿನ ಇರುವಾಗ ಶೈಲಾ ಘೋಡಗೇರಿಗೆ ಹೊರಟಳು. ಆ ಹಬ್ಬಕ್ಕೆ ಹೊಲಕ್ಕೆ ಒಯ್ಯಲು ಮಣಗಟ್ಟಲೆ ಸಜ್ಜಿ ರೊಟ್ಟಿ ಆಗಬೇಕು, ಸೋಮಪ್ಪನ ಹೆಂಡತಿಗೆ ಕೈ ಬೇಕಿತ್ತು. ಹಬ್ಬದ ದಿನ ನಾನು ಹಣ್ಣು ತೆಗೆದುಕೊಂಡು ಬರಬೇಕು. ಅವ್ವ ಓಡಾಡಿದ ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುವಾಗ ಎಡೆಯಲ್ಲಿ ಅವ್ವನ ಟೊಮೆಟೊ ಚಟ್ನಿ ಇರಬೇಕು. ಅವಳಿಗೆ ಬೇಕಾಗಿದ್ದು ಇಷ್ಟೇ. ಹೊರಡುವಾಗ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ನಾನು ಹಲ್ಲು ತಿಕ್ಕುತ್ತಿದ್ದೆ. "ಹೂಂ" ಎಂದೆ. ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಕೇಳಿಸಿಕೊಳ್ಳದೆ ಹೇಳಿದ ಹೂಂಗಳು ಒಂದು ಜಲಾಶಯಕ್ಕಾಗುವಷ್ಟಿವೆ. ಆದರೆ ಈ ಹೂಂ ನನ್ನನ್ನು ಮುಳುಗಿಸಿತು.

ಸಂಜೆ ಫೋನು. "ಬಣ್ಣ ತಿರಿಗ್ಯಾವೇನ್ರಿ?"

"ತಿರಗಾಕತ್ತಾವ, ತಿರಗಾಕತ್ತಾವ! ಮಾರಿ ಕೆಂಪ ಆಗೇತಿ!" ಕೆಂಪಾಗಿದ್ದು ನನ್ನ ಮುಖ.

ಮರುದಿನ ನಸುಕಿನಲ್ಲಿ ನನಗೆ ಆ ಮಹಾನ್ ಉಪಾಯ ಹೊಳೆಯಿತು. ಬಾಳೆಗೊನೆಯನ್ನು ಹೊಗೆ ಹಾಕಿ ಹಣ್ಣು ಮಾಡುವುದಿಲ್ಲವೇ? ಟೊಮೆಟೊ ಏನು ಮೇಲಿನಿಂದ ಇಳಿದು ಬಂದಿದೆಯೇ? ಹೊಗೆ ಹಾಕಿದರೆ ಥಂಡಿಯೂ ಹೋಗುತ್ತದೆ, ಹಣ್ಣೂ ಆಗುತ್ತದೆ! ಹಿತ್ತಲಿನಲ್ಲಿ ಕುಳ್ಳು ಪೇರಿಸಿಟ್ಟ ಒಟ್ಟಿಲಿಗೆ ಹೋದೆ. ಮಂಜು ಕುಡಿದು ಎಲ್ಲವೂ ಮೆತ್ತಗಾಗಿದ್ದವು, ಕಡ್ಡಿಪೆಟ್ಟಿಗೆ ಖಾಲಿಯಾದರೂ ಒಂದೂ ಹತ್ತಲಿಲ್ಲ. ಬಚ್ಚಲಿಗೆ ಬಂದೆ. ನೀರೊಲೆಯ ಮೇಲಿನ ಗೂಡಿನಲ್ಲಿ ಒಂದು ಕುಳ್ಳು, ಬೆಚ್ಚಗೆ, ಗರಿಗರಿಯಾಗಿ ಒಣಗಿ ನನಗಾಗಿಯೇ ಕಾಯುತ್ತಿತ್ತು. ಕತ್ತಲಿತ್ತು, ಚಷ್ಮಾ ಒಳಗಿತ್ತು. ತೆಗೆದುಕೊಂಡು ಹೋಗಿ ಗಿಡಗಳ ನಡುವೆ ಇಟ್ಟು ಕಡ್ಡಿ ಗೀರಿದೆ.

ಆಹಾ, ಎಂಥ ಕುಳ್ಳು! ಒಂದೇ ಕಡ್ಡಿಗೆ ಹತ್ತಿತು. ನೀಲಿ ಹೊಗೆ ಗಿಡಗಳನ್ನು ತಬ್ಬಿಕೊಂಡು ಎದ್ದಿತು. ನಾನು ಕೈ ಕಾಸಿಕೊಂಡೆ, ಕಾಲು ಕಾಸಿಕೊಂಡೆ, ಬೆನ್ನು ತಿರುಗಿಸಿ ಅದನ್ನೂ ಕಾಸಿಕೊಂಡೆ. ಚಹಾ ಮಾಡಿಕೊಂಡು ಬಂದು ಅದರ ಮುಂದೆಯೇ ಕುಳಿತು ಕುಡಿದೆ. ಅಷ್ಟರಲ್ಲಿ ಬೆಳಕು ಹರಿಯಿತು, ಚಷ್ಮಾ ಹಾಕಿಕೊಂಡು ನೋಡಿದೆ.

ಕುಳ್ಳು ಉರಿದರೂ ಅದರ ಆಕಾರ ಹಾಗೇ ಉಳಿದಿತ್ತು. ಬೆಳ್ಳಗಿನ ಬೂದಿ, ಅದರ ಮೇಲೆ ಐದು ಬೆರಳು.

ಬಾಗಿಲಲ್ಲಿ ನಿಂತು ಶೈಲಾ ಹೇಳಿದ ಮಾತು ಆಗ ನನ್ನ ಕಿವಿಗೆ ಬಂದು ಮುಟ್ಟಿತು: "ಥಂಡಿಗೆ ಬೀಜ ಮೆತ್ತಗ ಆಕ್ಕಾವ, ಅವ್ವನ ಕುಳ್ಳ ನೀರೊಲಿ ಮ್ಯಾಲ ಇಟ್ಟೇನಿ, ನೋಡಕೋರಿ." ಸುಂದ್ರವ್ವ ನನಗೆ ಎಂದೂ ಒಂದು ಕೆಟ್ಟ ಮಾತು ಆಡಿದವಳಲ್ಲ. ಎಂಟನೇ ರೊಟ್ಟಿ ನೀಡಲು ಬಂದಾಗ "ಸಾಕತ್ತಿ" ಎಂದರೆ ಬೇಜಾರು ಮಾಡಿಕೊಳ್ಳುತ್ತಿದ್ದಳು, ಅಷ್ಟೇ. ಆ ಕೈಯನ್ನು ಸುಟ್ಟು ನಾನು ಚಳಿ ಕಾಸಿಕೊಂಡಿದ್ದೆ.

ಗಾಳಿಗೆ ಬೂದಿ ಹಾರದಂತೆ ಮೇಲೊಂದು ಬುಟ್ಟಿ ಬೋರಲು ಹಾಕಿದೆ. ಹತ್ತು ನಿಮಿಷದಲ್ಲಿ ಹಾಲಿನ ತಂಬಿಗೆ ಹಿಡಿದು ಕೆಂಪವ್ವ ಬಂದಳು. ಬುಟ್ಟಿ ನೋಡಿದಳು, ಅದರ ಪಕ್ಕ ಕಾವಲು ಕುಳಿತ ನನ್ನನ್ನೂ ನೋಡಿದಳು. ಬುಟ್ಟಿ ಬೋರಲು ಬಿದ್ದಿದೆ ಎಂದರೆ ಅದರ ಕೆಳಗೆ ಏನಿರುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು!

"ಬಾಳೇಶಪ್ಪಾ! ಹಣಿ ಮ್ಯಾಲ ಇಭೂತಿ, ಹಿತ್ತಲದಾಗ ಕೋಳಿ! ಹೇಣ್ತಿ ಊರಿಗೆ ಹ್ವಾದ ಎಲ್ಡ ದಿನಕ್ಕ ಈ ಧಂದೆ ಸುರು ಮಾಡಿ?"

"ಕೋಳಿ ಅಲ್ರೀ ಕೆಂಪವ್ವಾರ, ಅದು ನಮ್ಮತ್ತಿ!"

ಇದನ್ನು ಕೇಳಿದ ಮೇಲೆ ಯಾರು ತಾನೇ ಬುಟ್ಟಿ ಎತ್ತದೆ ಇರುತ್ತಾರೆ? ಎತ್ತಿದಳು. ಒಳಗಿನ ಬೂದಿ ಮೂಗಿಗೆ ಹೋಗಿ, ಕೆಂಪವ್ವ ಒಂದು ಸೀನು ಸೀನಿದಳು ನೋಡಿ! ಐದೂ ಬೆರಳು ಒಮ್ಮೆಲೇ ಕುಸಿದವು.

ಅಳುಮುಖ ಮಾಡಿಕೊಂಡು ಎಲ್ಲ ಹೇಳಿದೆ. ಕೆಂಪವ್ವ ಗಲ್ಲಕ್ಕೆ ಕೈ ಹಚ್ಚಿದಳು. ಉಳಿದ ಬೂದಿಯನ್ನು ಒಟ್ಟು ಮಾಡಿ ಸ್ಟೀಲಿನ ಡಬ್ಬಿಗೆ ತುಂಬಿದೆ. ತುಂಬುತ್ತಿರುವಾಗ ನನ್ನ ತಲೆಯಲ್ಲಿ ಎರಡನೆಯ ಮಹಾನ್ ಉಪಾಯ ಹುಟ್ಟಿತು. ಮೊದಲನೆಯದರಿಂದ ಬುದ್ಧಿ ಬಂದಿರಲಿಲ್ಲ.

"ಕೆಂಪವ್ವಾರ, ಒಂದ ಬುಟ್ಟಿ ಹಸಿ ಸಗಣಿ ಕೊಡ್ರಿ. ನಿಮ್ಮ ಕೈಲೆ ಒಂದ ಕುಳ್ಳ ಒತ್ತಿಕೊಡ್ರಿ. ಬೀಜ ನಾ ಹಾಕತೇನಿ."

"ಸಗಣಿ ಒಯ್ಯಿ, ನಾ ಮಾತ್ರ ಒತ್ತೂದಿಲ್ಲ. ಮಂದಿ ಅವ್ವನ ಕೈ ನಾ ಯಾಕ ಆಗ್ಲಿ? ಅದು ಪಾಪ."

ಹಾಗಾಗಿ ಆ ಪಾಪವನ್ನು ನಾನೇ ಮಾಡಿದೆ. ಅಂಗಡಿಯ ಟೊಮೆಟೊ ತಂದು ಬೀಜ ಹಿಂಡಿದೆ. ಅತ್ತೆಯ ಕೈ ಸಣ್ಣದು, ನನ್ನದು ಮುಟಗಿ ಮಾಡಿದರೆ ತೆಂಗಿನಕಾಯಿ. ಉಸಿರು ಹಿಡಿದು, ಬೆರಳು ಕೂಡಿಸಿ, ಸಾಧ್ಯವಾದಷ್ಟು ಹೆಂಗಸಿನಂತೆ ಒತ್ತಿದೆ! ಎರಡು ದಿನ ನೀರೊಲೆ ಆರದಂತೆ ಉರಿಸಿ, ದಿನಕ್ಕೆ ಮೂರು ಸಲ ಬಿಸಿನೀರು ಸ್ನಾನ ಮಾಡಿ ಅದನ್ನು ಒಣಗಿಸಿದೆ. ಅದೇ ಗೂಡಿನಲ್ಲಿ ಇಟ್ಟು ದೂರದಿಂದ ನೋಡಿದೆ. ಸಾಕ್ಷಾತ್ ಸುಂದ್ರವ್ವ!

ಹಬ್ಬದ ದಿನ ಬರಿಗೈಯಲ್ಲಿ ಘೋಡಗೇರಿಗೆ ಹೋದೆ. ಹೊಲದ ದಾರಿಯಲ್ಲಿ ಶೈಲಾ ಎದುರು ಬಂದಳು. ಮೊದಲು ನನ್ನ ಕೈ ನೋಡಿದಳು, ಆಮೇಲೆ ಬೈಕಿನ ಚೀಲ ನೋಡಿದಳು.

"ಹಣ್ಣಾಗಲಿಲ್ಲೇನ್ರಿ?"

"ಥಂಡಿ ಭಾಳ ಬಿತ್ತು."

"ಇರ್ಲಿ ಬಿಡ್ರಿ" ಎಂದಳು. ಹೆಸರು ಬದಲಿಸುವ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಹೊಲದಲ್ಲಿ ಐದು ಕಲ್ಲು ಇಟ್ಟು ಪೂಜೆಯಾಯಿತು, ಸೋಮಪ್ಪ ಕಬ್ಬಿನ ಸಾಲಿನ ಸುತ್ತ ಚರಗ ಚೆಲ್ಲಿ ಬಂದ. ಎಲ್ಲರೂ ಊಟಕ್ಕೆ ಕುಳಿತೆವು. ಸೋಮಪ್ಪನ ಹೆಂಡತಿ ಹೈಬ್ರಿಡ್ ಟೊಮೆಟೊ ಚಟ್ನಿ ಮಾಡಿದ್ದಳು. ಶೈಲಾ ಒಂದು ತುತ್ತು ತಿಂದು ಬದುವಿನ ಕಡೆ ನೋಡಿದಳು. ಅಲ್ಲಿ ಈಗ ಏನೂ ಇಲ್ಲ, ಕಬ್ಬಿನ ಒಣ ಗರಿಯ ರವದಿ ಬಿದ್ದಿದೆ. "ಅಕ್ಕಾ, ಚಟ್ನಿ ಹೆಂಗ ಆಗೇತಿ?" ಎಂದು ಸೋಮಪ್ಪ ಕೇಳಿದ. "ಚಲೋ ಆಗೇತಿ" ಎಂದಳು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ, "ಹುಳಿನ ಇಲ್ರಿ ಇದಕ್ಕ. ಇರ್ಲಿ, ನಮ್ಮ ಕುಳ್ಳ ಐತೆಲ್ಲ. ಬರೂ ವರ್ಷ ಪಂಚಮಿಗೇ ಹಾಕೂಣು. ಅವ್ವ ಎಲ್ಲಿ ಹೊಕ್ಕಾಳ, ನಮ್ಮನ್ಯಾಗ ಬೆಚ್ಚಗ ಕುಂತಾಳ" ಎಂದಳು.

ಏಳು ರೊಟ್ಟಿಯ ದಾಖಲೆಯ ವೀರ ಅವತ್ತು ಅರ್ಧಕ್ಕೇ ಕೈ ತೊಳೆದ.

ಸಂಜೆ ಮನೆಗೆ ಬಂದೆವು. ಕಾಲು ತೊಳೆಯುವ ಮೊದಲೇ ಬಚ್ಚಲಿಗೆ ಹೋಗಿ ಕುಳ್ಳು ಇಳಿಸಿದಳು. ಅವ್ವನಿಗೆ ಹಬ್ಬದ ಸುದ್ದಿ ಹೇಳಬೇಕಿತ್ತೇನೋ. ಬೆರಳ ಗುಣಿಗಳಲ್ಲಿ ಬೆರಳು ಇಟ್ಟಳು. ನಾನು ದೂರ ನಿಂತು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ರೀ."

"ಹೂಂ?" ಈ ಸಲ ಕೇಳಿಸಿಕೊಂಡೇ ಹೇಳಿದೆ.

"ನಮ್ಮವ್ವ ಯಾವಾಗ ಉಂಗರ ಹಾಕ್ಕೊಂಡಿದ್ಳು?"

ನೋಡಿದೆ. ನಾಲ್ಕನೆಯ ಬೆರಳಿನ ಬುಡದಲ್ಲಿ ನನ್ನ ಮದುವೆಯ ಉಂಗುರದ ಗುರುತು ಠಸ್ಸೆ ಒತ್ತಿದಂತೆ ಬಿದ್ದಿತ್ತು! ಆ ಉಂಗುರ ಮಾಡಿಸಿ ಕೊಟ್ಟವಳೂ ಸುಂದ್ರವ್ವನೇ. ಅಳಿಯನನ್ನು ಹಿಡಿದುಕೊಟ್ಟಿದ್ದಳು.

ಎಲ್ಲ ಹೇಳಿದೆ. ಹೂಂ ಅಂದಿದ್ದು, ಹೊಗೆ ಹಾಕಿದ್ದು, ಬೆನ್ನು ಕಾಸಿಕೊಂಡಿದ್ದು, ಕೋಳಿಯ ಆರೋಪ, ಕೆಂಪವ್ವನ ಸೀನು, ಯಾವುದನ್ನೂ ಬಿಡಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಶೈಲಾ ಬೈಯಲಿಲ್ಲ.

"ಬೂದಿ ಎಲ್ಲೈತಿ?"

ಡಬ್ಬಿ ತಂದುಕೊಟ್ಟೆ. ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡಳು. ಉಳಿದದ್ದನ್ನು ಹಿತ್ತಲಿಗೆ ಒಯ್ದು ಮೂರೂ ಗಿಡದ ಬುಡಕ್ಕೆ ಹಾಕಿದಳು. ಅಲ್ಲೇ ಗಿಡದ ಹತ್ತಿರ ಕುಳಿತು ಅತ್ತಳು. ನಾನು ಹತ್ತಿರ ಹೋಗಲೋ ಬೇಡವೋ ಎಂದು ಅರ್ಧ ದಾರಿಯಲ್ಲಿ ನಿಂತೆ.

ಆಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಮಾತು ಬಂದ್. "ಊಟ" ಎನ್ನುವಳು, ನಾನು ಉಣ್ಣುವೆ. "ಚಹಾ" ಎನ್ನುವಳು, ನಾನು ಕುಡಿಯುವೆ. ಈಗ ಉಳಿದದ್ದು ಆ ಹಸಿರು ಕಾಯಿಗಳಷ್ಟೇ. ಹಸಿ ಕಾಯಿಯ ಬೀಜ ಹುಟ್ಟುವುದಿಲ್ಲ. ಒಂದಾದರೂ ಗಿಡದ ಮೇಲೆ ಪೂರ್ತಿ ಹಣ್ಣಾಗಬೇಕು, ಇಲ್ಲದಿದ್ದರೆ ಸುಂದ್ರವ್ವನ ಟೊಮೆಟೊ ಭೂಮಿಯ ಮೇಲೆ ಮುಗಿದಂತೆ. ಥಂಡಿಗೆ ಒಂದೊಂದೇ ಕಾಯಿ ಉದುರತೊಡಗಿದವು. ನಾನು ಸ್ವೆಟರು, ಚಾದರ, ಮಂಕಿಕ್ಯಾಪು ಎಲ್ಲ ತೊಳೆದು ಮತ್ತೆ ತೊಡಿಸಿದೆ. ಗಿಳಿ ಬಂದರೆ ಓಡಿಸಿದೆ, ಅಳಿಲು ಬಂದರೆ ಕೈ ಮುಗಿದು ಕಳಿಸಿದೆ. ಆಫೀಸಿನಲ್ಲಿ "ಈಗ ನೀರಿನ ಮಟ್ಟ ಎಷ್ಟೈತ್ರಿ?" ಎಂದು ಸಾಹೇಬರು ಕೇಳಿದರೆ "ಇನ್ನೂ ಹಸರ ಐತ್ರಿ ಸರ್" ಎಂದೆ.

ಸಂಕ್ರಮಣದ ಮರುದಿನ ಬೆಳಗ್ಗೆ ಮಂಕಿಕ್ಯಾಪು ಎತ್ತಿದೆ. ಗಿಡ್ಡ ಗಿಡದಲ್ಲಿ, ಎಲೆಯ ಮರೆಯಲ್ಲಿ ಒಂದೇ ಒಂದು ಕಾಯಿಯ ತುದಿಗೆ ಅರಿಶಿಣ ಹಚ್ಚಿದಂತಿತ್ತು!

"ಶೈಲಾ! ಏ ಶೈಲಾ!"

ಓಡಿ ಬಂದಳು. ಇಬ್ಬರೂ ಮಂಡಿಯೂರಿ ನೋಡಿದೆವು. "ಮುಟ್ಟಬ್ಯಾಡ್ರಿ! ನೀವು ಮುಟ್ಟಿದ್ದ ಯಾವುದೂ ಉಳಿದಿಲ್ಲ!" ಎಂದಳು. ಒಂದು ವಾರದ ಮೇಲೆ ಮೊದಲ ಪೂರ್ಣ ವಾಕ್ಯ! ನನಗೆ ಅಮೃತದಂತೆ ಕೇಳಿಸಿತು.

ಇನ್ನೂ ಎಂಟು ದಿನ ಕಾದೆವು. ಹಣ್ಣು ಕೆಂಪಾಯಿತು. ಲಿಂಬೆಹಣ್ಣಿನಷ್ಟು ಗಾತ್ರ, ಮೈತುಂಬ ಏಣು. ಶೈಲಾ ಸ್ನಾನ ಮಾಡಿ ಬಂದು ಕಿತ್ತಳು. ಎರಡು ಹೋಳು ಮಾಡಿ ಬೀಜವನ್ನು ಬಟ್ಟಲಿಗೆ ಹಿಂಡಿದಳು. ತಿರುಳನ್ನು ಕೆಂಡದ ಮೇಲೆ ಸುಟ್ಟು ಒಂದು ಮೆಣಸಿನಕಾಯಿ, ನಾಲ್ಕು ಶೇಂಗಾ ಹಾಕಿ ಕುಟ್ಟಿದಳು. ಬೆರಳಿಗೆ ಹತ್ತುವಷ್ಟು ಚಟ್ನಿಯಾಯಿತು. ಅವಳೊಮ್ಮೆ ನೆಕ್ಕಿದಳು, ನನಗೊಮ್ಮೆ ನೆಕ್ಕಿಸಿದಳು.

ಹಲ್ಲು ಜುಮ್ಮೆಂದಿತು. ಶೈಲಾಳ ಕಣ್ಣು ತುಂಬಿದ್ದವು. "ಅವ್ವಂದ ಐತ್ರಿ ಇದು" ಎಂದಳು. ಅತ್ತೆ ಈಗಲೇ ಒಲೆಯ ಮುಂದಿನಿಂದ ಎದ್ದು ಬಂದು "ಇನ್ನೊಂದ ರೊಟ್ಟಿ ಹಾಕಲಾ?" ಎಂದು ಕೇಳಬಾರದೇ ಎಂದು ನನಗೂ ಬಹಳ ಅನ್ನಿಸಿತು. ಕೇಳಿದ್ದರೆ ಸಾಕು ಎನ್ನುತ್ತಿರಲಿಲ್ಲ.

ಕೆಂಪವ್ವ ಹಸಿ ಸಗಣಿ ತಂದುಕೊಟ್ಟಳು. ಶೈಲಾ ಅದನ್ನು ದುಂಡಗೆ ಮಾಡಿ, ಮೇಲೆ ಬೀಜ ಹರಡಿ ನನ್ನ ಮುಂದೆ ಇಟ್ಟಳು.

"ಕೈ ಒತ್ರಿ."

"ನಾನಾ? ನೀ ಒತ್ತ. ನಿನ್ನ ಕೈ ನಿಮ್ಮವ್ವನಂಗ ಐತಿ."

"ನೀವ ಒತ್ರಿ. ಅವತ್ತ ಕದ್ದು ಒತ್ತೀರಿ, ಇವತ್ತ ನನ್ನ ಎದುರಿಗೆ ಒತ್ರಿ."

ಉಂಗುರ ತೆಗೆಯಲು ಹೋದೆ. "ಅದೂ ಇರ್ಲಿ. ಯಾರ ಕೈ ಅಂತ ಗುರ್ತ ಬೇಕಲ್ಲ?" ಎಂದಳು. ಒತ್ತಿದೆ. ನನ್ನ ದಪ್ಪ ಐದು ಬೆರಳು, ಜೊತೆಗೆ ಉಂಗುರ. ಕುಳ್ಳು ಒಣಗಿದ ಮೇಲೆ ಅವ್ವನ ಸೀರೆಯ ಅದೇ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಳು. ನನ್ನ ಎದೆ ಉಬ್ಬಿತು. ಜಲಾಧಿಪತಿಯ ಹಸ್ತಕ್ಕೆ ಕೊನೆಗೂ ಒಂದು ಮರ್ಯಾದೆ ಸಿಕ್ಕಿತಲ್ಲ!

"ನೋಡಿದ್ಯಾ? ಅತ್ತಿ ಕೈ ಇದ್ದ ಜಾಗಾದಾಗ ಈಗ ನನ್ನ ಕೈ! ಅಷ್ಟ ಮನಸಿಗೆ ಬಂತೇನ ನನ್ನ ಕೈ?" ಎಂದು ಮೀಸೆ ತಿರುವಿದೆ.

ಶೈಲಾ ಟ್ರಂಕಿಗೆ ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡಳು.

"ಹಂಗೇನಿಲ್ರಿ. ಅವ್ವನ ಕೈ ಸುಟ್ಟ ಹ್ವಾದ್ರ ಮತ್ತ ಒತ್ತಾಕ ಆಕಿ ಬರೂದಿಲ್ಲ. ಇದನ್ನ ನೀವು ಎಷ್ಟ ಸಲಾ ಸುಟ್ಟರೂ ನನಗ ಸಂಕಟ ಇಲ್ಲ. ಒತ್ತಾಕ ನೀವು ಮನ್ಯಾಗ ಇದ್ದಾ ಇರ್ತೀರಲ್ಲ!"